ಫೋರ್ಕ್ ಮೇಲೆತ್ತಿದ ಹನ್ನೆರಡು ಮಿಲಿಮೀಟರ್

ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು. ಹೋದ ತಿಂಗಳು, ನಾನಿದ್ದ ಜೆ.ಪಿ. ನಗರದ ಮೋಟರ್ ಸೈಕಲ್ ವರ್ಕ್‌ಶಾಪಿನವರು ಹೊಸದಾಗಿ ಸೇರಿದ ಮೆಕ್ಯಾನಿಕ್‌ಗಳಿಗೆ ಒಂದು ಗಂಟೆ ಏನಾದರೂ ಹೇಳಿ ಎಂದು ಕರೆದಿದ್ದರು. ಹೋಗಿ ಅವರ ಮುಂದೆ ನಿಂತೆ. ಕೈಯಲ್ಲಿ ಪಾನಾ ಇಲ್ಲದಿದ್ದರೆ ನನಗೆ ಮಾತು ಹೊರಡುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಹೇಳುವುದೆಲ್ಲ ಮುಗಿಯಿತು. ಕೊನೆಗೆ ಒಬ್ಬ ಹೆಣ್ಣುಮಗಳು ಎದ್ದು, "ಸಾರ್, ಸ್ಟೀರಿಂಗ್ ಡ್ಯಾಂಪರ್ ಫಿಟ್ ಮಾಡುವಾಗ ಫೋರ್ಕ್ ಹೈಟ್ ಚೇಂಜ್ ಮಾಡ್ಬೇಕಾ?" ಎಂದು ಕೇಳಿದಳು. "ಕೆಲವು ಸಲ ಮಾಡ್ಬೇಕಾಗುತ್ತಮ್ಮ" ಎಂದು ಹೇಳಿ ಬಂದುಬಿಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಅದು ಉತ್ತರವಲ್ಲ ಅನ್ನಿಸಿತು. ಆ ಪ್ರಶ್ನೆಗೆ ನನ್ನ ಹತ್ತಿರ ಒಂದು ಉದ್ದನೆಯ ಉತ್ತರವಿದೆ. ನಿಂತುಕೊಂಡು ಹೇಳಲು ಆಗುವಂಥದ್ದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ವಸಂತಪುರ. ತಾತನ ಕಾಲಕ್ಕೆ ರಾಗಿ ಹೊಲ, ಅಪ್ಪನ ಕಾಲಕ್ಕೆ ಸೈಟು, ಅಣ್ಣಂದಿರ ಕಾಲಕ್ಕೆ ಬಾಡಿಗೆ ಮನೆಗಳು. ಮನೆಯಲ್ಲಿ ನಾನೊಬ್ಬನೇ ಕೈ ಕಪ್ಪು ಮಾಡಿಕೊಂಡವನು. "ಬಾಡಿಗೆ ಬರ್ತದಲ್ಲೋ ಮುನಿಯಪ್ಪ, ಗ್ರೀಸಲ್ಲಿ ಬಿದ್ದು ಹೊರಳಾಡೋದ್ಯಾಕೆ?" ಎಂದು ದೊಡ್ಡಣ್ಣ ಕೊನೆಯವರೆಗೂ ಕೇಳುತ್ತಿದ್ದ. ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಗಾಡಿಯೊಂದು ಕೆಟ್ಟಿದ್ದರೆ ಅದು ಯಾಕೆ ಕೆಟ್ಟಿತು ಎಂದು ತಿಳಿಯುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ.

ಕೆಲಸ ಕಲಿತದ್ದು ಬನಶಂಕರಿಯ ಒಂದು ಶೀಟಿನ ಶೆಡ್ಡಿನಲ್ಲಿ, ಖಲೀಲ್ ಸಾಬರ ಕೈಕೆಳಗೆ. ಅವರು ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಆ ಕೆಲಸವನ್ನು ಪೂರ್ತಿ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ಹ್ಯಾಂಡಲ್ ನಡುಗುತ್ತದೆ ಎಂದು ಯಾರೇ ಗಾಡಿ ತಂದರೂ ಮೊದಲು ಮುಂದಿನ ಚಕ್ರ ನೆಲ ಬಿಡುವಂತೆ ಗಾಡಿ ನಿಲ್ಲಿಸಿ, ಒಂದೇ ಬೆರಳಿನಿಂದ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಳ್ಳುತ್ತಿದ್ದರು. ಅದು ಎಲ್ಲೂ ತಡೆಯದೆ ಬಾಗಿಲಿನ ಹಾಗೆ ಹೋಗಬೇಕು. ನಟ್ಟನಡುವೆ ಸಣ್ಣಗೆ ಕಚ್ಚಿಕೊಂಡರೆ ಕೋನ್‌ಸೆಟ್ ಸವೆದಿದೆ ಎಂದರ್ಥ. ಕೋನ್‌ಸೆಟ್ ಎಂದರೆ ಹ್ಯಾಂಡಲ್ ತಿರುಗಲು ಗಾಡಿಯ ಕತ್ತಿನಲ್ಲಿ ಕೂತಿರುವ ಬೇರಿಂಗು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಒಮ್ಮೆ ಜಯನಗರದ ಒಬ್ಬ ಪುರೋಹಿತರು ಬಂದರು. ಮೂರು ಕಡೆ ತೋರಿಸಿ ಆಗಿತ್ತು. ಅವರ ದೂರು ವಿಚಿತ್ರವಾಗಿತ್ತು.

"ಹೋಗುವಾಗ ಸುಮ್ಮನಿರುತ್ತಪ್ಪ. ಬರುವಾಗ ನಡುಗುತ್ತೆ. ಅದೇ ರಸ್ತೆ, ಅದೇ ಗಾಡಿ."

ಖಲೀಲ್ ಸಾಬರು ಬೆರಳಿನ ಪರೀಕ್ಷೆ ಮಾಡಿದರು, ಟೈರ್ ನೋಡಿದರು, ಗಾಳಿ ನೋಡಿದರು. ಎಲ್ಲ ಸರಿಯಿತ್ತು. ಕೈ ಒರೆಸಿಕೊಳ್ಳುತ್ತ ಕೇಳಿದರು, "ಸ್ವಾಮ್ಯೋರೆ, ಬರುವಾಗ ಹಿಂದೆ ಏನು ಕಟ್ಕೊಂಡು ಬರ್ತೀರಿ?"

"ಪೂಜೆಗೆ ಕೊಟ್ಟಿದ್ದು. ಅಕ್ಕಿ, ಬೆಲ್ಲ, ತೆಂಗಿನಕಾಯಿ."

"ಎಷ್ಟು ಮನೇದು?"

"ದಿವಸ ನೋಡ್ಕೊಂಡು ಮೂರು, ನಾಲ್ಕು."

ಸಾಬರು ಒಂದು ಚೀಲಕ್ಕೆ ಮರಳು ತುಂಬಿಸಿ ಕ್ಯಾರಿಯರ್ ಮೇಲೆ ಕಟ್ಟಿಸಿ, ಒಂದು ಸುತ್ತು ಹೊಡೆದು ಬಂದರು. ಹ್ಯಾಂಡಲ್ ನಡುಗಿತು. ಅದೇ ಚೀಲವನ್ನು ಟ್ಯಾಂಕಿನ ಮೇಲಿಟ್ಟು ಹೊಡೆದರು. ನಡುಕ ಹೋಯಿತು. "ಹಿಂದೆ ಭಾರ ಕೂತ್ರೆ ಮುಂದಿನ ಚಕ್ರ ಹಗುರ ಆಗ್ತದೆ ಸ್ವಾಮಿ. ಹಗುರ ಆಗಿದ್ದು ಕುಣೀತದೆ. ಗಾಡಿಗೆ ಏನೂ ಆಗಿಲ್ಲ" ಎಂದು ಕಳಿಸಿದರು. ಆಮೇಲೆ ನನಗೆ, "ನಡುಕ ಅನ್ನೋದು ಜ್ವರ ಇದ್ದಂಗೆ ಮುನಿಯಾ. ಮಾತ್ರೆ ಕೊಡೋಕೆ ಮುಂಚೆ ಎಲ್ಲಿಂದ ಬಂತು ನೋಡ್ಬೇಕು" ಅಂದರು.

ಸಾಬರು ತೀರಿಕೊಂಡ ಮೇಲೆ ನಾನು ಜೆ.ಪಿ. ನಗರದ ದೊಡ್ಡ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿ ಕೆಲಸದ ರೀತಿಯೇ ಬೇರೆ. ಮೊದಲು ನಾವು ನಟ್ಟನ್ನು ಕೈಯ ಅಂದಾಜಿನಲ್ಲಿ ಬಿಗಿ ಮಾಡುತ್ತಿದ್ದೆವು, ಅಲ್ಲಿ ಟಾರ್ಕ್ ರೆಂಚ್ ಬಂತು, ಇಷ್ಟು ಬಿಗಿ ಎಂದರೆ ಅಷ್ಟೇ. ಗಿರಾಕಿ ಹೇಳಿದ್ದನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದೆವು, ಅಲ್ಲಿ ಜಾಬ್ ಕಾರ್ಡ್ ಬಂತು, ಆಮೇಲೆ ಅದೂ ಟ್ಯಾಬ್ಲೆಟ್ಟಿಗೆ ಹೋಯಿತು. ಈ ಬದಲಾವಣೆಗಳಿಗೆ ನನ್ನ ವಯಸ್ಸಿನವರು ಗೊಣಗಿದರು. ನಾನೂ ಗೊಣಗಿದೆ. ಈಗ ಹಿಂದಿರುಗಿ ನೋಡಿದರೆ ಟಾರ್ಕ್ ರೆಂಚ್ ಒಳ್ಳೆಯದನ್ನೇ ಮಾಡಿತು. ಕೆಟ್ಟದ್ದೇನೆಂದರೆ, ಕಾರ್ಡಿನಲ್ಲಿ ಯಾವುದಕ್ಕೆ ಜಾಗವಿಲ್ಲವೋ ಅದನ್ನು ನೋಡುವ ಅಭ್ಯಾಸ ತಪ್ಪಿತು. ಬೆರಳಿನ ಪರೀಕ್ಷೆಗೆ ಕಾರ್ಡಿನಲ್ಲಿ ಜಾಗವಿರಲಿಲ್ಲ.

ಸ್ಟೀರಿಂಗ್ ಡ್ಯಾಂಪರ್ ಬಂದದ್ದು ದೊಡ್ಡ ಗಾಡಿಗಳ ಜೊತೆಗೆ. ಆಫೀಸುಗಳಲ್ಲಿ ಬಾಗಿಲು ದಡಾರನೆ ಬಡಿಯದಂತೆ ಮೇಲೊಂದು ಎಣ್ಣೆಯ ಕೊಳವೆ ಹಾಕಿರುತ್ತಾರಲ್ಲ, ಇದು ಅದರ ತಮ್ಮ. ಒಂದು ತುದಿ ಗಾಡಿಯ ಚಾಸಿಗೆ, ಇನ್ನೊಂದು ತುದಿ ಫೋರ್ಕಿಗೆ. ಹ್ಯಾಂಡಲ್ ಮೆಲ್ಲಗೆ ತಿರುಗಿದರೆ ಬಿಡುತ್ತದೆ, ಒಮ್ಮೆಲೇ ಒದರಿದರೆ ಹಿಡಿಯುತ್ತದೆ.

ಫೋರ್ಕ್ ಎಂದರೆ ಮುಂದಿನ ಚಕ್ರವನ್ನು ಹಿಡಿದ ಎರಡು ಕೊಳವೆಗಳು. ಮೇಲೊಂದು ಕೆಳಗೊಂದು ತಟ್ಟೆ ಅವನ್ನು ಕಚ್ಚಿಕೊಂಡಿರುತ್ತವೆ. ತಟ್ಟೆಯ ಬೋಲ್ಟು ಸಡಿಲಿಸಿದರೆ ಕೊಳವೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಮೇಲಕ್ಕೆ ಸರಿಸಿದರೆ ಗಾಡಿಯ ಮೂತಿ ಅಷ್ಟು ತಗ್ಗುತ್ತದೆ, ಫೋರ್ಕ್ ಅಷ್ಟು ನೆಟ್ಟಗಾಗುತ್ತದೆ. ಏಣಿಯನ್ನು ಗೋಡೆಗೆ ಚೆನ್ನಾಗಿ ಒರಗಿಸಿದರೆ ಅದು ಅಲುಗುವುದಿಲ್ಲ, ನೆಟ್ಟಗೆ ನಿಲ್ಲಿಸಿದರೆ ಯಾವ ಕಡೆಗಾದರೂ ಬರುತ್ತದೆ. ಇದೂ ಹೆಚ್ಚು ಕಡಿಮೆ ಹಾಗೆಯೇ. ಫೋರ್ಕ್ ನೆಟ್ಟಗಾದಷ್ಟೂ ಹ್ಯಾಂಡಲ್ ಚುರುಕು, ನೇರ ಹೋಗಬೇಕೆನ್ನುವ ಹಟ ಕಡಿಮೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಗೊಟ್ಟಿಗೆರೆಯ ಲೋಕೇಶ. ಅವರಪ್ಪನ ಜಮೀನಿನಲ್ಲಿ ಈಗ ಮೂರು ಅಪಾರ್ಟ್‌ಮೆಂಟ್ ಎದ್ದಿವೆ. ಆತ ಹೊಸ ಗಾಡಿ ತಂದು, ಫೋರ್ಕನ್ನು ಎರಡು ಬೆರಳಷ್ಟು ಮೇಲೆತ್ತಿ, ಮೇಲೆ ಚಿನ್ನದ ಬಣ್ಣದ ಡ್ಯಾಂಪರ್ ಹಾಕಿ ಎಂದ.

"ಯಾಕಣ್ಣ? ಹ್ಯಾಂಡಲ್ ಏನಾದ್ರೂ ನಡುಗುತ್ತಾ?"

"ಇಲ್ಲ ಗುರು. ಮುಂದುಗಡೆ ತಗ್ಗಿದ್ರೆ ಸಖತ್ತಾಗಿ ಕಾಣುತ್ತೆ. ಹುಲಿ ಕೂತಂಗೆ."

ನಾನು ವಾದ ಮಾಡಲಿಲ್ಲ. ಬೋಲ್ಟು ಸಡಿಲಿಸಿ ಅವನು ಹೇಳಿದಷ್ಟೇ ಎತ್ತಿ ಬಿಗಿ ಮಾಡಿ, ಗಟ್ಟಿಯಾದ ಪಟ್ಟಿ ಕಟ್ಟಿ ಮುಂಭಾಗವನ್ನು ಪೂರ್ತಿ ಕೆಳಕ್ಕೆ ಎಳೆದೆ, ದೊಡ್ಡ ಹಳ್ಳಕ್ಕೆ ಬಿದ್ದಾಗ ಎಷ್ಟು ಕುಸಿಯುತ್ತದೋ ಅಷ್ಟು. ಮಡ್‌ಗಾರ್ಡ್ ಹೋಗಿ ರೇಡಿಯೇಟರಿಗೆ ತಾಗಿತು. ಲೋಕೇಶ ಬಗ್ಗಿ ನೋಡಿದ. ಬೆರಳು ಹಾಕಿ ನೋಡಿದ. "ಬಿಚ್ಚಣ್ಣ, ಮೊದಲಿದ್ದಂಗೇ ಇರ್ಲಿ" ಎಂದು ಹೇಳಿ ಕಾಫಿ ಕುಡಿಯಲು ಹೋದ. ಡ್ಯಾಂಪರ್ ಅವನ ಮನೆಯ ಷೋಕೇಸಿನಲ್ಲಿದೆ ಎಂದು ಆಮೇಲೆ ಯಾರೋ ಹೇಳಿದರು.

ಇಷ್ಟು ತಿಳಿದಿದ್ದ ನಾನು ಮುಂದಿನ ವರ್ಷ ಮಾಡಿದ್ದನ್ನು ಈಗ ಹೇಳಬೇಕು.

ವಿಜಯಾ ಮೇಡಂ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ವಯಸ್ಸು ನಲವತ್ತಾರು. ಮನೆ ಜಯನಗರ, ಜೊತೆಗೆ ತಾಯಿ. ಯಜಮಾನರು ತೀರಿಕೊಂಡು ಒಂದೆರಡು ವರ್ಷವಾದ ಮೇಲೆ ಮೋಟರ್ ಸೈಕಲ್ ಕಲಿತವರು. ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಒಬ್ಬರೇ ಹೋಗಿ ಬರುತ್ತಿದ್ದರು. ಗಾಡಿ ಅಷ್ಟೇನೂ ದೊಡ್ಡದಲ್ಲ, ಆದರೆ ಅದಕ್ಕೆ ಏನಾದರೂ ಆದರೆ ಸರಿಯಾಗಿ ವಿವರಿಸಿ ಹೇಳುತ್ತಿದ್ದರು. ಗಿರಾಕಿಗಳಲ್ಲಿ ಅದು ಅಪರೂಪ.

ಒಂದು ಶನಿವಾರ ಬಂದು ಹೇಳಿದರು, "ಎಂಬತ್ತರಿಂದ ಸ್ಪೀಡ್ ಇಳಿಸುವಾಗ ಹ್ಯಾಂಡಲ್ ಸಣ್ಣಗೆ ಅಲುಗುತ್ತೆ ಮುನಿಯಪ್ಪ ಅವರೇ. ಎಪ್ಪತ್ತು, ಅರವತ್ತೈದು, ಆ ಮಧ್ಯೆ. ಆಮೇಲೆ ನಿಂತು ಹೋಗುತ್ತೆ." ಕೈಯಲ್ಲಿ ಡ್ಯಾಂಪರಿನ ಡಬ್ಬಿಯಿತ್ತು. ಆನ್‌ಲೈನಿನಲ್ಲಿ ತರಿಸಿದ್ದು. "ಇದು ಹಾಕಿದ್ರೆ ಸರಿ ಹೋಗುತ್ತಂತೆ. ಹಾಕ್ತೀರಾ?"

ಶನಿವಾರ ನಮ್ಮಲ್ಲಿ ಗಾಡಿಗಳು ಗೇಟಿನ ಹೊರಗೂ ನಿಂತಿರುತ್ತವೆ. "ಹಾಕೋಣ ಮೇಡಂ, ಸಾಯಂಕಾಲ ಬನ್ನಿ" ಅಂದೆ.

ಡಬ್ಬಿಯಲ್ಲಿ ಡ್ಯಾಂಪರನ್ನು ಫೋರ್ಕಿಗೆ ಕಚ್ಚಿಸಲು ಎರಡು ಬಗೆಯ ಹಿಡಿಕೆಗಳಿದ್ದವು, ಕ್ಲಾಂಪು ಅನ್ನುತ್ತೇವೆ. ಒಂದು ಎರಡು ತಟ್ಟೆಗಳ ನಡುವೆ ಕೊಳವೆಗೆ ಕಚ್ಚುವಂಥದ್ದು. ಅದನ್ನು ಹಾಕಲು ಹೆಡ್‌ಲೈಟಿನ ಪೂರ್ತಿ ಕಟ್ಟು ಬಿಚ್ಚಬೇಕು, ಒಂದೂವರೆ ಗಂಟೆಯ ಕೆಲಸ. ಇನ್ನೊಂದು ಮೇಲಿನ ತಟ್ಟೆಯಿಂದ ಹೊರಗೆ ಬಂದಿರುವ ಕೊಳವೆಯ ತುದಿಗೆ ಕಚ್ಚುವಂಥದ್ದು. ಈ ಗಾಡಿಯಲ್ಲಿ ತುದಿ ಹೊರಗಿದ್ದದ್ದು ಮೂರೇ ಮಿಲಿಮೀಟರ್. ಹಿಡಿಕೆ ಕೂರಲು ಹದಿನೈದು ಬೇಕು. ನಾನು ಬೋಲ್ಟು ಸಡಿಲಿಸಿ ಎರಡೂ ಕೊಳವೆಗಳನ್ನು ಹನ್ನೆರಡು ಮಿಲಿಮೀಟರ್ ಮೇಲಕ್ಕೆ ಸರಿಸಿದೆ. ಎರಡೂ ಸಮ ಇವೆಯೇ ಎಂದು ಸ್ಕೇಲ್ ಇಟ್ಟು ನೋಡಿದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ. ಹ್ಯಾಂಡಲ್ ಎರಡೂ ತುದಿಗೆ ಪೂರ್ತಿ ತಿರುಗಿಸಿ ಡ್ಯಾಂಪರ್ ಅಡ್ಡ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಮುಂಭಾಗ ಕುಗ್ಗಿಸಿ ಮಡ್‌ಗಾರ್ಡ್ ತಾಗುವುದಿಲ್ಲ ಎಂದೂ ನೋಡಿದೆ. ಅಷ್ಟರಮಟ್ಟಿಗೆ ಅಚ್ಚುಕಟ್ಟಾದ ಕೆಲಸ.

ಬೆರಳಿನ ಪರೀಕ್ಷೆ ಮಾಡಲಿಲ್ಲ. ನಡುಗುವ ಗಾಡಿಯ ಮೂತಿ ತಗ್ಗಿಸಿದರೆ ನಡುಕ ಇನ್ನೂ ಹೆಚ್ಚುತ್ತದೆ ಎಂಬ ಯೋಚನೆ ಆ ಹೊತ್ತಿಗೆ ಬರಲೇ ಇಲ್ಲ. ಕಾರ್ಡಿನಲ್ಲಿ 'ಡ್ಯಾಂಪರ್ ಅಳವಡಿಸಲಾಗಿದೆ' ಎಂದು ಬರೆದೆ. ಫೋರ್ಕ್ ಸರಿಸಿದ್ದನ್ನು ಬರೆಯಲಿಲ್ಲ. ಮುಚ್ಚಿಡಬೇಕು ಎಂದಲ್ಲ, ಬರೆಯಲು ಜಾಗವಿರಲಿಲ್ಲ.

ಸಾಯಂಕಾಲ ಮೇಡಂ ಒಂದು ಸುತ್ತು ಹೋಗಿ ಬಂದು, "ಪೂರ್ತಿ ನಿಂತು ಹೋಯ್ತು. ಥ್ಯಾಂಕ್ಸ್" ಅಂದರು. ನನಗೆ ಸಂತೋಷವಾಯಿತು.

ನಾಲ್ಕು ತಿಂಗಳಾದ ಮೇಲೆ ಆ ಗಾಡಿ ಟೆಂಪೋದಲ್ಲಿ ಬಂತು. ಹ್ಯಾಂಡಲ್ ಒಂದು ಕಡೆ ಬಾಗಿತ್ತು, ಎಡಗಡೆಯ ಕನ್ನಡಿ ಮತ್ತು ಕ್ಲಚ್ ಲಿವರ್ ಇರಲಿಲ್ಲ, ಟ್ಯಾಂಕಿನ ಎಡಭಾಗ ತರಚಿತ್ತು. ತಲಘಟ್ಟಪುರ ದಾಟಿ, ರಸ್ತೆಗೆ ತೇಪೆ ಹಾಕಿದ ಒಂದು ಜಾಗದಲ್ಲಿ ಹ್ಯಾಂಡಲ್ ಒಮ್ಮೆಲೇ ಎಡಬಲಕ್ಕೆ ಒದರಾಡಿ ಮೇಡಂ ಬಿದ್ದಿದ್ದರು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದರಿಂದ ಬದುಕಿದರು. ಎಡಗೈ ಮೂಳೆ ಎರಡು ಕಡೆ ಮುರಿದು, ಗಾಡಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಪ್ಲೇಟ್ ಹಾಕಿ ಎರಡು ವಾರವಾಗಿತ್ತು.

ನಮ್ಮ ಮ್ಯಾನೇಜರ್ ಗಿರೀಶ್ ಅವರು ಬಂದು ಗಾಡಿಯ ಸುತ್ತ ಒಂದು ಸಲ ತಿರುಗಿದರು. ಇಂಜಿನಿಯರಿಂಗ್ ಓದಿದವರು, ಕೆಟ್ಟ ಮನುಷ್ಯರಲ್ಲ. ಡ್ಯಾಂಪರಿನ ಕೆಳಗೆ ಎಣ್ಣೆ ಒಸರಿ ಒಣಗಿದ ಗುರುತಿತ್ತು. ಕೈಯಲ್ಲಿ ಎಳೆದರೆ ಯಾವ ತಡೆಯೂ ಇಲ್ಲದೆ ಬರುತ್ತಿತ್ತು.

"ಸೀಲ್ ಹೋಗಿ ಎಣ್ಣೆ ಲೀಕ್ ಆಗಿದೆ ಮುನಿಯಪ್ಪ. ಅವರೇ ತಂದ ಪಾರ್ಟ್. ನಮ್ದೇನೂ ಇಲ್ಲ. ಫೋಟೋ ತೆಗೆದಿಡಿ."

ಫೋಟೋ ತೆಗೆದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಬಾಗಿದ ಹ್ಯಾಂಡಲಿಗೆ ಒಂದು ಬೆರಳು ಕೊಟ್ಟೆ. ನಟ್ಟನಡುವೆ ಕಚ್ಚಿಕೊಂಡಿತು. ಬಿದ್ದದ್ದರಿಂದ ಹಾಗಾಗಿರಬಹುದು ಎಂದು ಬಿಚ್ಚಿ ನೋಡಿದೆ. ಬೇರಿಂಗಿನ ದಾರಿಯಲ್ಲಿ ಗುಂಡುಗಳು ಕೂತು ಕೂತು ಕೊರೆದ ಹಳ್ಳಗಳಿದ್ದವು, ಒಳಗೆ ತುಕ್ಕು ಹಿಡಿದಿತ್ತು. ಒಂದು ದಿನದ ಪೆಟ್ಟಿನಿಂದ ಆಗುವ ಗುರುತಲ್ಲ, ವರ್ಷಗಟ್ಟಲೆ ಸವೆದದ್ದು. ಅವರು ಹೇಳಿದ್ದ ನಡುಕದ ಮೂಲ ಅಲ್ಲಿತ್ತು. ಅದರ ಮೇಲೆ ನಾನು ಮೂತಿ ತಗ್ಗಿಸಿ ಹ್ಯಾಂಡಲನ್ನು ಇನ್ನಷ್ಟು ಚುರುಕು ಮಾಡಿದ್ದೆ. ಎಣ್ಣೆ ಇರುವಷ್ಟು ದಿನ ಡ್ಯಾಂಪರ್ ಎರಡನ್ನೂ ಮುಚ್ಚಿಟ್ಟಿತ್ತು. ಎಣ್ಣೆ ಹೋದ ದಿನ ಎರಡೂ ಒಟ್ಟಿಗೆ ಹೊರಗೆ ಬಂದವು.

ಬಿಚ್ಚುವ ಮೊದಲೇ ಮೇಲಿನ ತಟ್ಟೆಯ ಮೇಲೆ ಸ್ಕೇಲ್ ಇಟ್ಟು ನೋಡಿದ್ದೆ. ಹದಿನೈದು ಮಿಲಿಮೀಟರ್. ಈ ಗಾಡಿಗೆ ಮೂರಿರಬೇಕು ಎಂದು ಅಲ್ಲಿ ತಿಳಿದಿದ್ದವನು ನಾನೊಬ್ಬನೇ.

ಎಂಟು ದಿನ ಯಾರಿಗೂ ಹೇಳಲಿಲ್ಲ. ಹೇಳಲಿಲ್ಲ ಎಂಬುದಕ್ಕೆ ದೊಡ್ಡ ಕಾರಣಗಳೇನೂ ಇಲ್ಲ. ಬೆಳಿಗ್ಗೆ ಹೇಳೋಣ ಅನ್ನಿಸುತ್ತಿತ್ತು, ಕೆಲಸಕ್ಕೆ ಬಂದರೆ ನಾಳೆ ಅನ್ನಿಸುತ್ತಿತ್ತು. ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಡ್ಯಾಂಪರ್ ಸೋರಿದ್ದು ನಿಜ.

ಒಂಬತ್ತನೆಯ ದಿನ ಗಿರೀಶ್ ಅವರು ಬಂದು, "ಆ ಮೇಡಂ ಗಾಡಿ ಮಾರ್ತಾರಂತೆ. ಭಾನುವಾರ ಯಾರೋ ನೋಡೋಕೆ ಬರ್ತಾರೆ. ಹ್ಯಾಂಡಲ್, ಲಿವರ್ ಹಾಕಿ ನೀಟಾಗಿ ರೆಡಿ ಮಾಡ್ಬಿಡಿ" ಅಂದರು.

ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂದಾಗ ನನಗೆ ಕೂರಲಾಗಲಿಲ್ಲ. ಕೋನ್‌ಸೆಟ್ ಬದಲಿಸಿ, ಫೋರ್ಕ್ ಇಳಿಸಿ, ಸದ್ದಿಲ್ಲದೆ ಕಳಿಸಿಬಿಡಬಹುದಿತ್ತು. ಕೊಳ್ಳುವವರಿಗೆ ಏನೂ ಆಗುತ್ತಿರಲಿಲ್ಲ. ಆ ಯೋಚನೆಯೂ ಬಂತು. ಆದರೆ ಮೇಡಂ ಗಾಡಿ ಯಾಕೆ ಮಾರುತ್ತಿದ್ದಾರೆ ಎಂದು ಕೇಳಿದಾಗ ಗಿರೀಶ್ ಅವರು, "ಓಡಿಸೋಕೆ ಬರಲ್ಲ ಅಂತ ಅವರಿಗೇ ಅನ್ಸಿದೆ. ಫೋನಲ್ಲಿ ಹೇಳಿದ್ರು, ನಂದೇ ತಪ್ಪು ಅಂತ" ಅಂದರು.

ಅವತ್ತು ಸಂಜೆ ಜಯನಗರಕ್ಕೆ ಹೋದೆ.

ಬಾಗಿಲು ತೆಗೆದವರು ಅವರ ತಾಯಿ. ವರ್ಕ್‌ಶಾಪಿನಿಂದ ಎಂದಾಗ ಒಳಗೆ ಕೂರಿಸಿ ಕಾಫಿ ತರಲು ಹೋದರು. ಮೇಡಂ ಬಂದರು. ಎಡಗೈ ಕುತ್ತಿಗೆಯಿಂದ ಇಳಿಬಿಟ್ಟ ಬಟ್ಟೆಯ ಜೋಳಿಗೆಯಲ್ಲಿತ್ತು. ನಾನು ಶುರು ಮಾಡುವ ಮೊದಲೇ ಅವರೇ ಮಾತಾಡಿದರು.

"ಹ್ಯಾಂಡಲ್ ಒದರಿದಾಗ ಸಡಿಲವಾಗಿ ಹಿಡೀಬೇಕಂತೆ. ನಾನು ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟೆ. ಈ ವಯಸ್ಸಲ್ಲಿ ಕಲಿತಿದ್ದೇ ತಪ್ಪು ಅನ್ಸುತ್ತೆ."

"ಮೇಡಂ, ಅದು ನಿಮ್ಮ ಕೈಯಿಂದ ಆಗಿದ್ದಲ್ಲ. ನನ್ನ ಕೈಯಿಂದ ಆಗಿದ್ದು."

ಅವರು ಕೂತರು. ನಾನು ಎಲ್ಲವನ್ನೂ ಹೇಳಿದೆ. ಎರಡು ಹಿಡಿಕೆಯಲ್ಲಿ ಸುಲಭದ್ದನ್ನು ಆರಿಸಿಕೊಂಡದ್ದು, ಫೋರ್ಕ್ ಮೇಲೆತ್ತಿದ್ದು, ಬೇರಿಂಗ್ ನೋಡದೆ ಬಿಟ್ಟದ್ದು, ಕಾರ್ಡಿನಲ್ಲಿ ಬರೆಯದೆ ಹೋದದ್ದು, ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು.

"ಹನ್ನೆರಡು ಮಿಲಿಮೀಟರ್ ಅಂದ್ರೆ ಎಷ್ಟು? ತೋರಿಸಿ."

ಕಿರುಬೆರಳನ್ನು ಅಡ್ಡ ಹಿಡಿದು ತೋರಿಸಿದೆ. "ಇದರ ದಪ್ಪ, ಹೆಚ್ಚು ಕಡಿಮೆ."

ಅವರು ತಮ್ಮ ಬಲಗೈಯ ಕಿರುಬೆರಳನ್ನು ಅದರ ಪಕ್ಕ ಹಿಡಿದು ನೋಡಿದರು. "ಅಷ್ಟಕ್ಕೆ ಬೀಳಿಸುತ್ತಾ?"

"ಅದೊಂದೇ ಆಗಿದ್ರೆ ಬೀಳಿಸ್ತಿರಲಿಲ್ಲ ಮೇಡಂ. ಬೇರಿಂಗ್ ಹೋಗಿತ್ತು. ಎರಡೂ ಸೇರ್ತು."

ತಾಯಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾವಾಗಿನಿಂದ ಕೇಳಿಸಿಕೊಂಡರೋ. ಲೋಟವನ್ನು ನನ್ನ ಮುಂದಿಟ್ಟು ಹೇಳಿದರು, "ಇವಳಿಗೆ ಜಡೆ ಹಾಕ್ಕೊಳ್ಳೋಕಾಗಲ್ಲಪ್ಪ. ದಿನಾ ಬೆಳಿಗ್ಗೆ ನಾನು ಹಾಕಿ ಕಾಲೇಜಿಗೆ ಕಳಿಸ್ತೀನಿ. ನಲವತ್ತಾರು ವರ್ಷದವಳಿಗೆ."

ಕಾಫಿ ಕುಡಿಯಬೇಕೋ ಬಿಡಬೇಕೋ ತಿಳಿಯಲಿಲ್ಲ. ಕುಡಿದೆ.

ಮೇಡಂ ಹೇಳಿದರು, "ನಮ್ಮ ಲ್ಯಾಬಲ್ಲಿ ಮಕ್ಕಳು ರೀಡಿಂಗ್ ತಪ್ಪು ಬರೆದ್ರೆ ನಾನು ಅರ್ಧ ಮಾರ್ಕ್ಸ್ ಆದ್ರೂ ಕೊಡ್ತೀನಿ. ಬರೀದೇ ಬಿಟ್ರೆ ಕೊಡಲ್ಲ. ಈಗ ಹೇಳಿದ್ದನ್ನೆಲ್ಲ ಬರೆದುಕೊಡ್ತೀರಾ?"

ಅವರ ಮೇಜಿನ ಮೇಲೆಯೇ ಕೂತು ಒಂದೂವರೆ ಪುಟ ಬರೆದು ಸಹಿ ಹಾಕಿದೆ. ಓದಿ ನೋಡಿ, ಒಂದು ಕಡೆ 'ಸುಮಾರು' ಎಂದಿದ್ದನ್ನು ತೋರಿಸಿ, "ಇದು ಸುಮಾರಾ, ಕರೆಕ್ಟಾ?" ಎಂದು ಕೇಳಿದರು. ಕರೆಕ್ಟಾಗಿ ಹನ್ನೆರಡು ಎಂದು ತಿದ್ದಿದೆ.

ಮರುದಿನ ಗಿರೀಶ್ ಅವರು ಕೋಣೆಗೆ ಕರೆದರು. ಮೇಡಂ ಆ ಪತ್ರದ ಫೋಟೋ ಅವರಿಗೆ ಕಳಿಸಿದ್ದರು.

"ಹೋಗೋಕೆ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ಮುನಿಯಪ್ಪ."

"ಕೇಳಿದ್ರೆ ಬೇಡ ಅಂತಿದ್ರಿ ಸಾರ್."

ಅವರು "ಅಂತಿದ್ದೆ" ಅಂದರು.

ಆಸ್ಪತ್ರೆಯ ಖರ್ಚನ್ನೂ ಗಾಡಿಯ ರಿಪೇರಿಯನ್ನೂ ವರ್ಕ್‌ಶಾಪು ವಹಿಸಿಕೊಂಡಿತು. ನನ್ನನ್ನು ರಿಪೇರಿ ಜಾಗದಿಂದ ತೆಗೆದು, ಗಾಡಿ ತೊಳೆದು ಹೊರಗೆ ಹೋಗುವ ಮುನ್ನ ನೋಡುವ ಕೆಲಸಕ್ಕೆ ಆರು ತಿಂಗಳು ಹಾಕಿದರು. ನನಗಿಂತ ಹದಿನೈದು ವರ್ಷ ಚಿಕ್ಕವರ ಕೆಲಸವನ್ನು ಅಲ್ಲಿ ನಿಂತು ನೋಡುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಮಾಡುತ್ತಾರೆ ಎಂದು ತಿಳಿಯಿತು. ಹಾಗೆ ನಿಂತು ನೋಡಿರದಿದ್ದರೆ ಅದು ತಿಳಿಯುತ್ತಿರಲಿಲ್ಲ. ಗಿರೀಶ್ ಅವರು ಇನ್ನೊಂದು ಕೆಲಸ ಮಾಡಿದರು. ಟ್ಯಾಬ್ಲೆಟ್ಟಿನ ಜಾಬ್ ಕಾರ್ಡಿನಲ್ಲಿ ಎರಡು ಹೊಸ ಸಾಲು ಸೇರಿಸಿದರು. ಫೋರ್ಕ್ ಎತ್ತರ ಮೊದಲೆಷ್ಟು, ಈಗೆಷ್ಟು. ಕೋನ್‌ಸೆಟ್ ನೋಡಿದ್ದೀರಾ, ಇಲ್ಲವಾ. ಎರಡನ್ನೂ ತುಂಬದಿದ್ದರೆ ಕಾರ್ಡ್ ಮುಂದಕ್ಕೆ ಹೋಗುವುದಿಲ್ಲ. ಹೊಸಬರು ಅದನ್ನು ಬೇಜಾರಿನಿಂದ ತುಂಬುವುದನ್ನು ಹೋದ ತಿಂಗಳು ಹೋದಾಗಲೂ ನೋಡಿದೆ.

ವಿಜಯಾ ಮೇಡಂ ಗಾಡಿ ಮಾರಲಿಲ್ಲ. ಜೋಳಿಗೆ ತೆಗೆದ ಮೇಲೆ ಒಂದು ದಿನ ಫೋನ್ ಮಾಡಿ, "ಗಾಡಿ ನೀವೇ ಸರಿ ಮಾಡಿ. ನಾನು ಅಲ್ಲೇ ನಿಂತಿರ್ತೀನಿ" ಅಂದರು. ಆ ಒಂದು ಕೆಲಸಕ್ಕೆ ಗಿರೀಶ್ ಅವರು ನನಗೆ ಒಪ್ಪಿಗೆ ಕೊಟ್ಟರು.

ಮೇಡಂ ಒಂದು ಸ್ಟೂಲ್ ಎಳೆದುಕೊಂಡು ಕೂತರು. ಹಳೆಯ ಕೋನ್‌ಸೆಟ್ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಆ ಹಳ್ಳಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಹೊಸದು ಹಾಕಿ, ಗ್ರೀಸ್ ತುಂಬಿ, ಬಿಗಿ ನೋಡಿದೆ. ಬಿದ್ದ ಪೆಟ್ಟಿಗೆ ಬಾಗಿದ್ದ ಫೋರ್ಕಿನ ಒಂದು ಕೊಳವೆಯನ್ನು ಆಗಲೇ ಬದಲಿಸಿದ್ದೆವು. ಎರಡನ್ನೂ ಮೂರು ಮಿಲಿಮೀಟರಿಗೆ ಇಳಿಸಿ ಸ್ಕೇಲ್ ಇಟ್ಟು, "ನೀವೇ ಓದಿ ಮೇಡಂ" ಅಂದೆ. ಎರಡೂ ಕಡೆ ಬಗ್ಗಿ ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ಹೊಸ ಡ್ಯಾಂಪರ್ ಬೇಡ್ವಾ?"

"ಇದ್ರೂ ತೊಂದರೆ ಇಲ್ಲ, ಎರಡು ತಟ್ಟೆ ನಡುವೆ ಕಚ್ಚೋ ಹಿಡಿಕೆ ಹಾಕಿ ಕೂರಿಸಬಹುದು. ಫೋರ್ಕ್ ಮುಟ್ಟಬೇಕಾಗಿಲ್ಲ. ಆದ್ರೆ ಮೊದಲು ಇಲ್ಲದೆ ಓಡಿಸಿ ನೋಡಿ. ಗಾಡಿಗೆ ಏನಾದ್ರೂ ಹೇಳೋದಿದ್ರೆ ಕೇಳಿಸಲಿ."

ಭಾನುವಾರ ಬೆಳಿಗ್ಗೆ ಆರೂವರೆಗೆ ತಲಘಟ್ಟಪುರದ ಆಚೆ ಒಂದು ಟೀ ಅಂಗಡಿಯ ಮುಂದೆ ಸೇರಿದೆವು. ಮೊದಲು ನಾನು ಓಡಿಸಿದೆ. ಎಂಬತ್ತಕ್ಕೆ ಹೋಗಿ, ಕೈ ಸಡಿಲ ಬಿಟ್ಟು, ಅರವತ್ತರವರೆಗೆ ತಾನಾಗಿ ಇಳಿಯಲು ಬಿಟ್ಟೆ. ಮತ್ತೆ ಮಾಡಿದೆ. ಅವರು ಬಿದ್ದ ತೇಪೆಯ ಮೇಲೆ ಎರಡು ಸಲ ಹಾಯಿಸಿದೆ. ಹ್ಯಾಂಡಲ್ ಅಲುಗಲಿಲ್ಲ. ಬಂದು ಗಾಡಿ ಕೊಟ್ಟೆ.

ಅವರು ಹೆಲ್ಮೆಟ್ ಹಾಕಿಕೊಂಡು, ಗ್ಲೌಸ್ ಹಾಕಿಕೊಂಡು, ಗಾಡಿಯ ಮೇಲೆ ಕೂತು ಬಹಳ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಎಡಗೈಯಲ್ಲಿ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನೋಡಿದರು. ಆಮೇಲೆ ಹೊರಟರು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಎರಡನೆಯ ಟೀ ತೆಗೆದುಕೊಂಡು ಕುಡಿಯದೆ ಹಿಡಿದು ನಿಂತಿದ್ದೆ. ಮೂವತ್ತೈದು ವರ್ಷದಲ್ಲಿ ಎಷ್ಟೋ ಗಾಡಿಗಳನ್ನು ಕಳಿಸಿದ್ದೇನೆ, ಯಾವುದಕ್ಕೂ ಹಾಗೆ ಕಾದಿರಲಿಲ್ಲ. ನಲವತ್ತನೆಯ ನಿಮಿಷಕ್ಕೆ ಕನಕಪುರದ ಕಡೆಯಿಂದ ಬಂದರು. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದರು.

"ಸ್ವಲ್ಪ ದೂರ ಹೋಗ್ಬಿಟ್ಟೆ. ಕಾಯಿಸಿದ್ನಾ?"

"ಇಲ್ಲ ಮೇಡಂ. ಹೇಗಿದೆ?"

"ಸುಮ್ಮನಿದೆ." ಆಮೇಲೆ ಗ್ಲೌಸ್ ಬಿಚ್ಚುತ್ತ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮುಂದಿನ ಸರ್ವಿಸ್ ಬೇರೆ ಕಡೆ ಮಾಡಿಸ್ತೀನಿ" ಅಂದರು.

"ಸರಿ ಮೇಡಂ" ಅಂದೆ. ಬೇಜಾರಾಯಿತು. ಆಗಬೇಕಾದದ್ದೇ ಎಂದೂ ಗೊತ್ತಿತ್ತು.

ಸೋಮವಾರ ಗಿರೀಶ್ ಅವರು ಗಾಡಿ ಏನಾಯಿತು ಎಂದು ಕೇಳಿದರು. ಮೇಡಂ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ಟ್ಯಾಬ್ಲೆಟ್ ಕೆಳಗಿಟ್ಟು ನನ್ನನ್ನು ನೋಡಿದರು.

"ಇಷ್ಟೆಲ್ಲ ಮಾಡಿ ಗಿರಾಕೀನೂ ಹೋದ್ರಲ್ಲ ಮುನಿಯಪ್ಪ. ಕೊನೆಗೆ ಏನು ಉಳೀತು?"

"ಅವರು ಗಾಡಿ ಓಡಿಸ್ತಾ ಇದ್ದಾರೆ ಸಾರ್" ಅಂದೆ.